ಗೀಸರಿನ ಪಾಯಿಂಟು

ಗೇಟಿನ ಕೆಳಗಿನ ತಿರುಗಣಿ ಮೂರನೇ ಸಲ ಕಿತ್ತು ಬಂದಾಗ
ಪಳನಿ ಫೋನೆತ್ತಲಿಲ್ಲ.
ಎತ್ತಿದರೂ "ನಾಳೆ ಅಣ್ಣಾ" ಅನ್ನುತ್ತಾನೆ,
ಅವನ ನಾಳೆ ಗೋಪಾಳದಲ್ಲಿ ಯಾರದೋ ಗ್ರಿಲ್ಲಿಗೆ
ಆಗಲೇ ಬೆಸೆದುಹೋಗಿರುತ್ತದೆ.
"ನಾವೇ ಒಂದು ಮಿಷನ್ ತಗೊಂಡ್ರೆ?" ಅಂದೆ.
ಸರ್ವಮಂಗಳ ಬ್ಲೌಸಿನ ಕಂಕುಳಿಗೆ
ಗುಂಡುಸೂಜಿ ಚುಚ್ಚುತ್ತಿದ್ದಳು.
ಬಾಯಲ್ಲಿನ್ನೂ ನಾಲ್ಕು ಸೂಜಿ ಕಚ್ಚಿಕೊಂಡಿದ್ದರಿಂದ
ಬೇಡ ಅನ್ನಲಾಗಲಿಲ್ಲ.

ಶನಿವಾರ, ಬಿ.ಎಚ್. ರಸ್ತೆ, ಇನಾಯತ್ ಸಾಬರ ಅಂಗಡಿ.
ಅಟ್ಟದಿಂದ ಮೂರು ಪೆಟ್ಟಿಗೆ ಇಳಿದವು.
ನನ್ನ ಕಣ್ಣು ಕೆಂಪಿನ ಮೇಲೆ:
ಇನ್ನೂರೈವತ್ತು ಆಂಪಿಯರ್, ಸೇತುವೆ ಕಟ್ಟಬಹುದು.
"ಎಲ್ಲಿ ಕಟ್ತೀರಿ ಸೇತುವೆ?" ಕೇಳಿದರು ಸಾಬರು,
ವ್ಯಂಗ್ಯವಿಲ್ಲ,
ಬಿಲ್ಲಿಗೆ ವಿಳಾಸ ಬರೆದುಕೊಳ್ಳುವವರ ಹಾಗೆ.
"ಮನೇದು ಸಿಂಗಲ್ ಫೇಸಾ?"
"ಹೌದು."
"ಸಂಜೆ ಎಷ್ಟು ವೋಲ್ಟ್ ಬರುತ್ತೆ?"

ಹನ್ನೊಂದು ವರ್ಷ ಆ ಮನೆಯ ದೀಪದಡಿ ಉಂಡಿದ್ದೇನೆ,
ಎಷ್ಟು ಬರುತ್ತದೆಂದು ಕೇಳಿದವನಲ್ಲ.
"ನೂರಾ ಎಂಬತ್ತು," ಅಂದಳು ಅವಳು.
"ಏಳು ಗಂಟೆಗೆ ಸ್ಟೆಬಿಲೈಜರ್ ಮುಳ್ಳು ಕೂತುಬಿಡುತ್ತೆ.
ಆಮೇಲೆ ಮೋಟರು ಎಳೆಯಲ್ಲ,
ಕಾಲಲ್ಲೇ ತುಳೀತೀನಿ."
ಸಾಬರು ಸ್ಟೂಲನ್ನು
ಅವಳ ಕಡೆಗೆ ತಿರುಗಿಸಿಕೊಂಡರು.

ಹಳದಿಯದರ ಪಕ್ಕೆ ತೆರೆದರೆ
ಒಂದು ಉಂಡೆ ತಂತಿ, ಎರಡು ಪುಟ್ಟ ಗಾಲಿ, ಬಿಗಿಯುವ ತಿರುಪು.
ಅವಳು ಬಗ್ಗಿದಳು.
"ಬಿಗಿ ಹೆಚ್ಚಾದ್ರೆ?"
"ಒಳಗೇ ಗಂಟು, ಹಕ್ಕಿಗೂಡು ಕಟ್ಟುತ್ತಮ್ಮಾ."
"ಸಡಿಲಾದ್ರೆ?"
"ತಡವರಿಸುತ್ತೆ."
"ಬಾಬಿನ್ನೇ," ಅಂದಳು ನನ್ನತ್ತ ತಿರುಗಿ,
ದೂರದ ನೆಂಟನೊಬ್ಬನ ಗುರುತು ಹತ್ತಿದ ಹಾಗೆ.

ಸಿಲಿಂಡರ್ ಬೇಡವಂತೆ.
ಒಳಗೆ ಕೂತು ಮಾಡುವವರಿಗೆ ಗ್ಯಾಸು ಚೆಂದ,
ಗೇಟು ಇರೋದು ಬೀದಿಯಲ್ಲಿ,
ಗಾಳಿ ಬೀಸಿತೋ ಗ್ಯಾಸು ಹಾರಿತು,
ಬೆಸುಗೆ ರವೆ ಇಡ್ಲಿಯ ಹಾಗೆ ತೂತು ತೂತು.
ಹೊಟ್ಟೆಯಲ್ಲಿ ಮದ್ದು ತುಂಬಿದ ತಂತಿ ಇದೆ:
ಹೊಗೆ ಜಾಸ್ತಿ, ಕಿಟ್ಟ ಕೆರೆಯಬೇಕು,
ಟಾರ್ಚು ನೆಗೆಟಿವಿಗೆ, ಮರೆಯಬೇಡಿ.
ಮತ್ತೆ, ನೂರು ಆಂಪಿಯರಲ್ಲಿ
ಹತ್ತು ನಿಮಿಷಕ್ಕೆ ಆರು ನಿಮಿಷ ದುಡಿಯುತ್ತೆ,
ನಾಲ್ಕು ನಿಮಿಷ ಅದನ್ನು ಸುಮ್ಮನೆ ಬಿಡಬೇಕು.
"ಪುಣ್ಯ ಮಾಡಿದೆ," ಅಂದಳು ಸರ್ವಮಂಗಳ.

ನೂರನಲವತ್ತರದು ಕೊಂಡೆವು.
ತಾನೇ ಕಪ್ಪಾಗುವ ಮುಖವಾಡ, ಒಂದು ಜೊತೆ ಗ್ಲೌಸು,
ನನ್ನ ಕೈಯಳತೆಯದು.

ಮನೆಯಲ್ಲಿ ಹದಿನಾರು ಆಂಪಿಯರಿನ ಪಾಯಿಂಟು
ಗೀಸರಿಗೆ ಬಿಟ್ಟರೆ ಇನ್ನೊಂದಿಲ್ಲ.
ಭಾನುವಾರ ಯಾರಿಗೂ ಬಿಸಿನೀರಿಲ್ಲ.
ಬಚ್ಚಲಿನಿಂದ ಬೀದಿಯವರೆಗೆ ದಪ್ಪ ವೈರು ಎಳೆದು
ಗೇಟಿನೆದುರು ಕುಕ್ಕರಗಾಲಲ್ಲಿ ಕೂತೆ.
ಒಳಗಿಂದ ಕೂಗು: "ಇಸ್ತ್ರಿ ಆರಿಸಿದೀನಿ, ಹಾಕಿ!"

ಹಾಕಿದೆ.
ನಾಲ್ಕು ಇಂಚು ಸಾಗುವಷ್ಟರಲ್ಲಿ
ಎರಡು ಕಡೆ ಪೈಪು ಸುಟ್ಟು ಬಾಯಿಬಿಟ್ಟಿತು,
ಉಳಿದ ಕಡೆ ಹೊತ್ತಿದ ಅನ್ನದ ಅಗುಳು.
ಅವಳು ಹೊಸ್ತಿಲಿಗೆ ಬಂದು ನಿಂತಳು, ನೋಡಲಿಲ್ಲ,
ಬೆಳಕಿಗೆ ಬೆನ್ನು ತಿರುಗಿಸಿ ಕೇಳಿಸಿಕೊಂಡಳು.
"ಸದ್ದು ಸರಿಯಿಲ್ಲ. ದಾರ ಮುಂದೆ ಓಡ್ತಿದೆ, ಕೈ ಹಿಂದಿದೆ."
ಮುಖವಾಡ ಕೇಳಿದಳು. ಕೊಟ್ಟೆ.
ಗ್ಲೌಸು ಅವಳ ಕೈಯಲ್ಲಿ
ದೊಡ್ಡವರ ಚಪ್ಪಲಿ ಮೆಟ್ಟಿದ ಮಗುವಿನಂತಿತ್ತು.
ಗುಂಡಿಯನ್ನು ಒಂದು ಕೂದಲೆಳೆ ಹಿಂದಕ್ಕೆ ತಿರುಗಿಸಿ
ಕೂತಳು.

ಈಗ ಬೆನ್ನು ತಿರುಗಿಸಿ ನಿಂತವನು ನಾನು.
ಕಾದ ಎಣ್ಣೆಗೆ ಸಾಸಿವೆ ಬಿದ್ದ ಸದ್ದು,
ನಿಲ್ಲದೆ, ಒಂದೇ ಸಮ.

ಸೋಮವಾರ ಪಳನಿ ತಾನಾಗಿಯೇ ಬಂದ.
ಹೆಬ್ಬೆರಳಲ್ಲಿ ಬೆಸುಗೆ ಸವರಿದ,
ನಾಲ್ಕು ಇಂಚು ದಾಟಿ ಬೆರಳು ನಿಂತಿತು.
"ಈ ಎರಡು ಇಂಚು ಯಾರು ಹಾಕಿದ್ದಣ್ಣಾ?"

ಇನಾಯತ್ ಸಾಬರಿಗೆ ಫೋನು ಮಾಡಬೇಕು,
ಗ್ಲೌಸು ಸಣ್ಣ ಅಳತೆಯದು
ಬರುತ್ತದೋ ಏನೋ.